ಎರಡನೇ ವೈರು

ಗಾಡಿ ಆಫ್ ಆದದ್ದು ಡೇರಿ ಸರ್ಕಲ್ಲಿನ ನಟ್ಟನಡುವೆ.
ಹಿಂದೆ ಲಾರಿ, ಅದರ ಹಿಂದೆ ಇನ್ನೊಂದು, ಹಾರನ್ನು.
"ಕ್ಲಚ್ಚು ಮೆಲ್ಲಗೆ ಬಿಡಿ ಅಂದೆನಲ್ಲ ಮೇಡಂ,
ಕಾಲಲ್ಲಿ ಜೀವ ಇಲ್ವಾ?"
ಜಯಶೀಲಾ ತಮ್ಮ ಎಡಗಾಲನ್ನು ನೋಡಿಕೊಂಡರು
ಕೊಟ್ಟ ಸಾಲ ತೀರಿಸದ ತಮ್ಮನನ್ನು ನೋಡುವ ಹಾಗೆ.

ಐವತ್ತೆರಡು ವರ್ಷ. ಹಾಲಿನ ಡೇರಿಯ ಲ್ಯಾಬಿನಲ್ಲಿ ಕೆಲಸ.
ಗಾಜಿನ ಕೊಳವೆ ಮುಳುಗಿಸಿ
ಯಾವ ಊರಿನ ಕ್ಯಾನಿನಲ್ಲಿ ಎಷ್ಟು ನೀರೆಂದು ಹೇಳಬಲ್ಲವರು
ನನ್ನ ಮಾತಿಗೆ ಮಾತ್ರ ಏನನ್ನೂ ಮುಳುಗಿಸಿ ನೋಡಲಿಲ್ಲ.
ರಾತ್ರಿ ಹಳೇ ಮಣೆಯೊಂದರ ಕೆಳಗೆ ಟವೆಲ್ಲು ಮಡಿಸಿಟ್ಟು
ಒತ್ತಿ, ಬಿಟ್ಟು, ಒತ್ತಿ, ಬಿಟ್ಟು
ಕ್ಲಚ್ಚು ಕಲಿಯುತ್ತಿದ್ದರಂತೆ.
ನಾನು ನಕ್ಕೆ.

ಅವತ್ತು ನನ್ನ ಸ್ಕೂಟರು ಪಂಕ್ಚರು. ಮನೆಗೆ ಕಾರಲ್ಲೇ ಹೊರಟೆ,
ತೊಂಬತ್ನಾಲ್ಕರ ಮಾರುತಿ, ನೆತ್ತಿಯ ಮೇಲೆ ಕೆಂಪು ಎಲ್ಲು.
ರೈಲ್ವೆ ಸೇತುವೆಯ ಏರಿನಲ್ಲಿ ಬಿಕ್ಕಿತು.
ಇನ್ನೊಮ್ಮೆ ಬಿಕ್ಕಿತು.
ಈ ಸಲ ಕ್ಲಚ್ಚಿನ ಮೇಲಿದ್ದದ್ದು ನನ್ನ ಕಾಲು.
ಮೂವತ್ತು ವರ್ಷದ ಕಾಲು.

ಸಂತೆಪೇಟೆಯ ಗ್ರೆಗರಿ ಬಾನೆಟ್ಟು ಎತ್ತಲಿಲ್ಲ.
ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು
ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿದ.
"ಪುಸ್ಸು, ಪುಸ್ಸು, ಒಂದು ಬಿಡ್ತದೆ.
ಇರೋದೇ ಮೂರು ಆಳು, ಒಬ್ಬ ಕೆಲಸಕ್ಕೆ ಬಂದಿಲ್ಲ."

ಬಿಚ್ಚಿದಾಗ ಎರಡು ಪ್ಲಗ್ಗು ಬಿಸ್ಕತ್ತಿನ ಬಣ್ಣ.
ನಡುವಿನದು ಕಪ್ಪು, ಒದ್ದೆ, ಉರಿಯದ ಪೆಟ್ರೋಲಿನ ವಾಸನೆ.
"ಇದೇ ಕಳ್ಳ, ಬಿಸಾಕು" ಅಂದೆ.
"ನಿಮಗೆ ಕೈಗೆ ಸಿಕ್ಕಿದವರೇ ಕಳ್ಳರು"
ಅಂದವನು ಅದನ್ನು ಒರೆಸಿ ಒಂದನೇ ತೂತಿಗೆ ಹಾಕಿದ,
ಒಂದನೆಯದನ್ನು ಎರಡಕ್ಕೆ.
ಪ್ಲಗ್ಗು ಮನೆ ಬದಲಾಯಿಸಿತು, ರೋಗ ಬದಲಾಯಿಸಲಿಲ್ಲ.

ಓಡುತ್ತಿರುವಾಗಲೇ ಇಕ್ಕಳದಲ್ಲಿ ವೈರು ಕಿತ್ತ.
ಒಂದನೆಯದಕ್ಕೆ ಎಂಜಿನ್ನು ಕುಸಿಯಿತು, ಇನ್ನೇನು ಸತ್ತೆ ಅಂದಿತು.
ಮೂರನೆಯದಕ್ಕೂ ಹಾಗೆಯೇ.
ಎರಡನ್ನು ಕಿತ್ತರೆ
ಏನೂ ಆಗಲಿಲ್ಲ. ಅದೇ ನಡುಕ, ಅದೇ ಸದ್ದು.
ಇದ್ದಾಗಲೂ ಅದು ಇರಲಿಲ್ಲ.
ತಿರುಗಿ ಸಿಕ್ಕಿಸಿದ.

"ಲೈಟು ಆರಿಸಿ."
ಕತ್ತಲಲ್ಲಿ ಎಂಥಾ ರಿಪೇರಿಯಪ್ಪ ಇದು?
ಪಕ್ಕದ ಇಸ್ತ್ರಿ ಅಂಗಡಿಯಿಂದ ನೀರಿನ ಬಾಟ್ಲಿ ತಂದು
ವೈರುಗಳ ಮೇಲೆ ಒಂದೇ ಒಂದು ಸಲ ಚಿಮುಕಿಸಿದ.

ಆಗ ಕಂಡಿತು.
ವೈರಿನ ಹೊಟ್ಟೆಯಿಂದ ಕ್ಲ್ಯಾಂಪಿನ ಕಬ್ಬಿಣಕ್ಕೆ
ಚಿಟ್, ಚಿಟ್, ನೀಲಿ ಎಳೆ.
ಪ್ಲಗ್ಗಿಗೆ ಟಿಕೆಟ್ಟು ತೆಗೆದ ಕಿಡಿ
ಅರ್ಧ ದಾರಿಯಲ್ಲೇ ಇಳಿದುಹೋಗುತ್ತಿತ್ತು.
ಕೂದಲೆಳೆಯ ಬಿರುಕು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಸವೆದದ್ದು.
ನೋಡುವುದಕ್ಕೂ ಒಂದು ಕ್ಷಣ ಚೆಂದವೇ ಇತ್ತು ಹಾಳಾದ್ದು.

"ಎಷ್ಟು ದಿನದಿಂದ ಹಿಂಗೆ?"
ಹನ್ನೊಂದು ಅನ್ನುವುದು ಬಾಯಿಗೆ ಬಂದಿತ್ತು.
"ಇವತ್ತು ಗೊತ್ತಾಯ್ತು" ಅಂದೆ.
ಅದೂ ಸುಳ್ಳಲ್ಲ.

ಬೆಳಿಗ್ಗೆ ಆರೂವರೆ, ಸಾಲಗಾಮೆ ರಸ್ತೆ.
ಜಯಶೀಲಾ ಉಸಿರು ಬಿಗಿಹಿಡಿದು ಕಾಲು ಬಿಟ್ಟರು.
ಹೊರಟಿತು. ಎಣ್ಣೆಯಲ್ಲಿ ಕೈ ಜಾರಿದಂತೆ ಹೊರಟಿತು.
ಎರಡನೇ ಗೇರು, ಮೂರನೇ ಗೇರು.
"ಬಂತು ಸಾರ್! ಮಣೆ ಕೆಲಸ ಮಾಡ್ತು ನೋಡಿ!"

ಹೌದು ಮೇಡಂ ಅಂದುಬಿಡಬಹುದಿತ್ತು.
ಅವರಿಗೂ ಸಂತೋಷ, ನನಗೂ ಮರ್ಯಾದೆ.
ಸಿಗ್ನಲ್ಲಿಗೆ ನಿಂತಾಗ ಜೇಬಿನಿಂದ ಆ ವೈರು ತೆಗೆದು
ಅವರ ಕೈಗೆ ಕೊಟ್ಟೆ. ಹೇಳಿದೆ.

ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.
ಬಿರುಕಿನ ಮೇಲೆ ಹೆಬ್ಬೆರಳ ಉಗುರು ಆಡಿಸಿದರು.
"ಹನ್ನೊಂದು ದಿನ" ಅಂದರು.
ಅಷ್ಟೇ.

ಹಸಿರು ಬಿತ್ತು.
ವೈರು ಅವರ ಮಡಿಲಲ್ಲೇ ಇತ್ತು.
ನನ್ನ ಕಡೆಗೂ ಒಂದು ಕ್ಲಚ್ಚು, ಒಂದು ಬ್ರೇಕು ಇವೆ, ಕಲಿಸುವವನಿಗೆಂದು.
ಎರಡೂ ಪಾದ ಅಲ್ಲಿಂದ ತೆಗೆದು
ಸೀಟಿನ ಕೆಳಗೆ ಮಡಚಿಟ್ಟುಕೊಂಡೆ.