ಇಪ್ಪತ್ನಾಲ್ಕು ಸೆಂಟಿಮೀಟರು

ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ
ಪರದೆಯ ತುಂಬ ನೇರಳೆ ಗೆರೆ.
ಮದುಮಗಳ ಮುಖ ಚೌಕ ಚೌಕವಾಗಿ ಒಡೆದು
ಅರವತ್ಮೂರು ಪರ್ಸೆಂಟಿಗೆ ರೆಂಡರಿಂಗ್ ನಿಂತಿತು.
ಆಮೇಲೆ, ಬೆಲ್ಲ ಸೀದಂಥ ವಾಸನೆ.

ಒಂಬತ್ತು ವರ್ಷ ದುಡಿದ ಕಾರ್ಡು.
ಎಷ್ಟು ತಾಳಿ, ಎಷ್ಟು ಸೀಮಂತ,
ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಕಂಡು
ತುತ್ತು ತಡೆದು ಕೂತ ಎಷ್ಟು ಬಾಯಿ
ಅದರ ಮೈಮೇಲೆ ಹಾದುಹೋಗಿದ್ದವು.

ಮಂಡಿಪೇಟೆಯಿಂದ ಶಕ್ಷಾವಲಿ ಬಂದ.
ಕಿವಿಯ ಮೇಲೆ ಸ್ಕ್ರೂಡ್ರೈವರು, ಜೇಬಲ್ಲಿ ಟೈಲರ್ ಟೇಪು.
ಪಕ್ಕದ ತಗಡು ಬಿಚ್ಚಿ ಉಫ್ ಎಂದು ಊದಿದ:
ಧೂಳು, ಒಣಗಿದ ಹಲ್ಲಿಮರಿ, ಎಂದಿನದೋ ಒಂದು ಮಂಡಕ್ಕಿ.
ಅಳೆದ. ಮತ್ತೆ ಅಳೆದ.
"ಇಪ್ಪತ್ನಾಲ್ಕು ಸೆಂಟಿಮೀಟರ್ ಜಾಗ ಐತ್ರೀ ಅಕ್ಕಾರೆ,
ಈಗಿನವೆಲ್ಲ ಮೂವತ್ತರ ಮ್ಯಾಲೆ.
ಎಸ್‌ಎಂಪಿಎಸ್ ನಾನೂರೈವತ್ತು ವ್ಯಾಟು, ಆರು ಪಿನ್ನಿನ ವೈರು ಒಂದಾ.
ಪ್ರೊಸೆಸರ್ರಂತೂ ಮುದುಕ.
ಮುದಿ ಎತ್ತಿನ ಜೋಡಿ ಹರೇದ ಹೋರಿ ಕಟ್ಟಿದ್ರೆ
ನೊಗ ಓರೆ ಆಗ್ತತಿ, ಸಾಲು ಸೊಟ್ಟ ಬರ್ತತಿ.
ಮನಿ ನೋಡಿ ಹೆಣ್ಣು ತರಬೇಕ್ರೀ."

ಅಂದವನೇ ನಾಲಿಗೆ ಕಚ್ಚಿಕೊಂಡ.
ನಾನು ನಕ್ಕೆ. ನನ್ನನ್ನೂ ಒಮ್ಮೆ ಹೀಗೇ
ಹರಿಹರದ ಒಂದು ಮನೆಯ ಬಾಗಿಲ ಚೌಕಟ್ಟಿಗೆ
ನಿಲ್ಲಿಸಿ ನೋಡಿದ್ದರು.
ಎರಡಿಂಚು ಜಾಸ್ತಿಯಾಗಿದ್ದೆ.

ಕರೆಂಟ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ.
ಮೂರು ಫ್ಯಾನಿನ ಹೊಸದು ಮೂವತ್ತೆಂಟು ಸಾವಿರ, ಅದರ ಮಾತೇ ಬೇಡ.
ಕುಳ್ಳದು ಅಗ್ಗ, ಆದರೆ ಮೆಮೊರಿ ನಾಲ್ಕೇ ಜಿಬಿ,
ಫೋರ್‌ಕೆ ಫೂಟೇಜು ತುರುಕಿದರೆ ಬಿಕ್ಕಳಿಸುತ್ತದೆ.
ವಿದ್ಯಾನಗರದ ಹುಡುಗನೊಬ್ಬ ಹಳೆಯದೊಂದು ತಂದ,
"ಬರೀ ಗೇಮ್ ಆಡಿದ್ದು ಆಂಟಿ."
ಬದನೆಕಾಯಿಯ ತೊಟ್ಟು ನೋಡುವಂತೆ ತಿರುಗಿಸಿ ನೋಡಿದೆ.
ಪ್ಯಾಡುಗಳಿಂದ ಎಣ್ಣೆ ಬೆವರಿತ್ತು.
ಯಾರದೋ ಗೋಡೌನಿನಲ್ಲಿ ಹಗಲಿರುಳು
ಕಾಣದ ನಾಣ್ಯ ಅಗೆದು ಬಂದ ಮೈ ಅದು.
ಕೂಲಿ ಮಾಡಿದ ಕೈ ನನಗೆ ಗೊತ್ತಾಗುವುದಿಲ್ಲವೇ?
ಮಲಗಲಿ ಪಾಪ ಅಂತ ವಾಪಸ್ ಕೊಟ್ಟೆ.

ಆಷಾಢಕ್ಕೆ ಇನ್ನು ಹದಿನಾರು ದಿನ.
ಬಾಕಿ ಏಳು ಮದುವೆ, ಒಂದು ನಾಮಕರಣ,
ಜಗಳೂರಿನ ಬೀಗರಿಂದ ದಿನಾ ಫೋನು.
ಮೂರನೇ ರಾತ್ರಿ ಕಣ್ಣಿಗೆ ಬಿತ್ತು:
ಎಂಟು ಜಿಬಿ, ಆರು ಪಿನ್ನು ಒಂದೇ ಸಾಕು,
ಚೀಟಿ ದುಡ್ಡು ಎತ್ತಿದರೆ ಕೈಗೆಟಕುವ ಬೆಲೆ.
ಉದ್ದ ಇಪ್ಪತ್ತಾರು.

ಎರಡೇ ಎರಡು ಸೆಂಟಿಮೀಟರು!

"ಕುಳ್ಳಂದಾ ತಗೋರಿ," ಕೈಚೆಲ್ಲಿದ ಶಕ್ಷಾವಲಿ.
ನಾನು ಹಾರ್ಡ್‌ಡಿಸ್ಕಿನ ಪಂಜರಕ್ಕೆ ಬೆರಳಿಟ್ಟೆ.
"ಇದನ್ನ ಕತ್ತರಿಸು."
"ಕ್ಯಾಬಿನೆಟ್ ಕೆಡ್ತತಿ."
"ಕೆಡಲಿ. ತಗಡು ತಾನೆ?"

ಕೂಲರ್ ರಿಪೇರಿ ದುಂಡಪ್ಪನ ಕತ್ತರಿ, ಮೂರು ಕಡಿತ.
ಅಂಚು ತಾಗಿ ಶಕ್ಷಾವಲಿಯ ಹೆಬ್ಬೆರಳಲ್ಲಿ ಒಂದು ಹನಿ ರಕ್ತ,
ಅದಕ್ಕೆ ಅಡುಗೆಮನೆಯ ಅರಿಶಿನ.
ಹಾರ್ಡ್‌ಡಿಸ್ಕೀಗ ಸ್ಪಂಜಿನ ಮೇಲೆ ಕಾಲುಚಾಚಿ ಮಲಗಿದೆ.
ಕಾರ್ಡು ಕೂತಿತು. ಕಟಕ್.

ಹಳೆಯದು ಹಿಟ್ಟಿನ ಗಿರಣಿಯಂತೆ ಊಳಿಡುತ್ತಿತ್ತು,
ಇದರ ಉಸಿರೇ ಇಲ್ಲ. ಕೆಟ್ಟಿದೆಯೇನೋ ಅಂತ ಎರಡು ಸಲ ಬಗ್ಗಿ ನೋಡಿದೆ.
ಈ ಕೋಣೆಯಲ್ಲಿ ಇಷ್ಟು ವರ್ಷ ಕೂತರೂ
ಕೆಲಸದ ನಡುವೆ ಇವತ್ತೇ ಮೊದಲು ಕೇಳಿಸಿದ್ದು
ಅಶೋಕ ರಸ್ತೆಯ ರೈಲ್ವೆ ಗೇಟಿನ ಗಂಟೆ,
ಗೇಟಿನ ಹಿಂದೆ ಸ್ಕೂಟರುಗಳ ಗೊಣಗಾಟ.

ರೆಂಡರಿಂಗು ಮತ್ತೆ ಸೊನ್ನೆಯಿಂದ.
ಮದುಮಗಳು ಒಳಕೋಣೆಯಿಂದ ಹೊರಬರುತ್ತಾಳೆ
ಬಾಸಿಂಗ ಹೊಸ್ತಿಲ ಮೇಲಿನ ಪಟ್ಟಿಗೆ ತಾಗದ ಹಾಗೆ
ಚೂರು ತಲೆ ಬಗ್ಗಿಸಿ.
ಎತ್ತರದ ಹುಡುಗಿ.
ನಾಲ್ಕು ಸಲ ಎಡಿಟ್ ಮಾಡಿದ್ದೆ, ಗಮನಿಸಿರಲಿಲ್ಲ.