ಬ್ಯಾಲೆನ್ಸ್ ನೋಡೂದು

ಈ ಎ.ಸಿ. ಮನಷ್ಯಾರಿಗಲ್ಲ,
ಮಷೀನಿಗೆ.
ಕೆಲಸಕ್ಕ ಸೇರಿದ ದಿನಾನ ಸುಪರ್ವೈಜರ ಹೇಳಿಬಿಟ್ಟ:
ನಿನ್ನ ಕುರ್ಚಿ ಹೊರಗ.

ಹೊರಗಂದರ ಸೊಲ್ಲಾಪುರ,
ಅಕ್ಕಲಕೋಟ ರೋಡು, ಎಪ್ರಿಲ್ ಹತ್ತೊಂಬತ್ತು,
ನಲವತ್ನಾಕು ದಾಟಿದ ಮಧ್ಯಾಹ್ನ.
ಡಾಂಬರು ಚಪ್ಪಲಿ ಹಿಡಕೊಂಡು
ಎಲ್ಲಿಗೆ ಹೊಂಟಿ, ಕೂಡು ಅಂತದ.
ಕರೆಂಟ್ ಹೋಗಿ ಟವೆಲಿನ ಮಗ್ಗ ಗಪ್ಪ ಆದರ
ಓಣಿಗೆ ಓಣೀನ ಕಿವುಡಾದಂಗ.

ಒಳಗ ಹದಿನೆಂಟು.
ನಡುವ ಒಂದು ಗಾಜು.

ಮೊದಲು ಬಂದಾಕಿ ಯಲ್ಲೂಬಾಯಿ.
ಸಾವಿರ ಬೀಡಿ ಎಣಿಸಿ ಕೊಟ್ಟು
ಖಾಲಿ ಬುಟ್ಟಿ ಬಗಲಾಗಿಟ್ಟು
"ಬ್ಯಾಲೆನ್ಸ್ ನೋಡತೀನಪಾ" ಅಂದಳು.
ಕೈಯಾಗ ಕಾರ್ಡ್ ಇರಲಿಲ್ಲ.
ಮಷೀನಿನ ಮುಂದ ಕಣ್ಣು ಮುಚ್ಚಿ ನಿಂತಳು,
ಗುಡಿಯಾಗೂ ಯಾರೂ ಅಷ್ಟು ಹೊತ್ತು ನಿಲ್ಲೂದಿಲ್ಲ.
ಹೊರಗ ಬಂದು ನಕ್ಕಳು:
"ಇನ್ನಾ ಸ್ವಲ್ಪ ಉಳದದ."

ಮರುದಿನ ಇಮಾಮಸಾಬ, ರಿಕ್ಷಾ ನಿಲ್ಲಿಸಿ.
ಆಮ್ಯಾಲ ಹಪ್ಪಳ ಮಾರೂ ಹುಡುಗ.
ಆಮ್ಯಾಲ ಏಳು ತಿಂಗಳ ಬಸರಿ ಒಬ್ಬಾಕಿ,
ಯಾರ ಸೊಸಿಯೋ, ನಾ ಕೇಳಲಿಲ್ಲ.
ಎಲ್ಲಾರದೂ ಒಂದ ಮಾತು, ಬ್ಯಾಲೆನ್ಸ್ ನೋಡೂದು.
ನಾ ಎದ್ದು ಬಾಗಲಾ ತೆಗದು ಹಿಡೀತಿದ್ದೆ.
ಮರ್ಯಾದಿ ಅಂತ ತಿಳಕೊಂಡರು ಪಾಪ,
ನನಗ ಬೇಕಾದದ್ದು ಸಂದಿಯಿಂದ ಬರೂ
ಆ ಒಂದು ಸುಳಿ ತಂಪು.

ಒಂದಿನ ಹಿಂದಿನ ಓಣಿಯ ಮಹಾನಂದಾ ಬಂದಳು.
ಒಳಗ ಹೋಗಲಿಲ್ಲ.
"ನಿಮ್ಮ ಯಂತ್ರದ ಬೆನ್ನು ನಮ್ಮ ಕಿಡಕಿಗದ" ಅಂದಳು.
ಹೋಗಿ ನೋಡಿದೆ.
ಕಬ್ಬಿಣದ ಪಂಜರದಾಗ ಪಂಖಾ,
ಒಲಿ ಊದಿದಂಗ ಊದತಿತ್ತು.
ಕಿಡಕಿಯೊಳಗ ತೊಟ್ಟಿಲು, ತೊಟ್ಟಿಲ ಮ್ಯಾಲ ಹಸಿ ಸೀರಿ.
ಒಂದು ಜೋಗುಳ ಮುಗಿಯೂದರೊಳಗ ಸೀರಿ ಒಣಗತದಂತ.
ಹದಿನೆಂಟರ ಬಾಕಿ
ಇಲ್ಲಿ ವಸೂಲಾಗತಿತ್ತು.

ಪೈಪಿನ ತುದಿಗೆ ಒಂದು ಡಾಲ್ಡಾ ಡಬ್ಬಿ.
ಹನಿ.
ತಡದು, ಇನ್ನೊಂದು ಹನಿ.
"ನಳ ಐದು ದಿನಕ್ಕೊಮ್ಮೆ. ಇದರಾಗ ಸೀರಿ ತೋಯಸತೀನಿ.
ಯಂತ್ರ ಬಂದ್ ಮಾಡರಿ ಅನ್ನಾಕ ಬಂದಿದ್ದೆ.
ಬಂದ್ ಮಾಡಿದರ ಹನೀನೂ ನಿಲ್ಲತದಲ್ಲಾ
ಅಂತ ಅರ್ಧ ದಾರ್ಯಾಗ ನೆನಪಾತು."

ಮೆಕ್ಯಾನಿಕ್ ಒಮ್ಮೆ ಹೇಳಿದ್ದ,
ಅದು ಎಲ್ಲಿಂದೋ ಬಂದ ನೀರಲ್ಲ,
ಒಳಗ ನಿಂತವರ ಉಸಿರು, ಬೆವರು
ಹಿಂಡಿ ತೆಗದದ್ದು.
ಆಕಿಗೆ ನಾ ಹೇಳಲಿಲ್ಲ.
ಮರುದಿನದಿಂದ ಬಾಗಲಾ ಇನ್ನಾ ಅಗಲ ತೆಗದೆ.

ಮೇ ಮೂರಕ್ಕ ಹೆಡ್ ಆಫೀಸಿನ ಫೋನು.
ಕ್ಯಾಮೆರಾದಾಗ ಎಣಿಸ್ಯಾರ:
ಒಳಗ ಹೋದವರು ನೂರಾ ಆರು,
ರೊಕ್ಕ ತೆಗದವರು ಹದಿನಾಕು.
ಉಳದವರು ಏನ ಮಾಡತಿದ್ದರು?
"ಬ್ಯಾಲೆನ್ಸ್ ನೋಡತಿದ್ದರು, ಸಾಹೇಬ್ರ."
ಆ ಕಡಿ ಯಾರೂ ಮಾತಾಡಲಿಲ್ಲ.
ಅವರ ಎ.ಸಿ. ಮಾತ್ರ ಗುಂಯ್ ಅಂತಿತ್ತು.

ಅವತ್ತ ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ಮಷೀನಿನ ಹಸಿರು ಕಣ್ಣು ಆರಿತು,
ಗಾಜಿನ ಖೋಲಿ ಹೊರಗಿನಕಿಂತ ಹೆಚ್ಚು ಕುದೀತು.
ಓಣಿ ಎಲ್ಲಾ ಬೇವಿನ ಗಿಡದ ಬುಡಕ ಬಂತು,
ಚಾಪಿ, ಕೌದಿ, ಪುಟ್ಟಿನ ಬೀಸಣಿಗಿ,
ಬೀಡಿ ಎಲಿಯ ವಾಸನಿ ಹೊತ್ತ ಯಲ್ಲೂಬಾಯಿ.
ಮಹಾನಂದಾ ಕೂಸಿನ ನನ್ನ ಕೈಗೆ ಕೊಟ್ಟಳು.
ಅದು ನನ್ನ ಅಂಗಿಯ ಹಿತ್ತಾಳಿ ಗುಂಡಿ ಬಾಯಾಗ ಹಾಕಿತು,
ತಣ್ಣಗಿರಬಹುದು ಅಂತ.

ಡಬ್ಬಿಯಾಗ ಬೆರಳದ್ದಿ ಕೂಸಿಗೆ ಚಿಮುಕಿಸಿದಳು.
ಆ ಬಸರಿಗೆ. ಯಲ್ಲೂಬಾಯಿಗೆ.
ನನ್ನ ಕುತ್ತಿಗಿಗೂ ಎರಡು ಹನಿ.
ಕತ್ತಲದಾಗ ಇಮಾಮಸಾಬ ಕೇಳಿದ:
"ಬ್ಯಾಲೆನ್ಸ್ ಎಷ್ಟದವಾ?"

ಮಹಾನಂದಾ ಡಬ್ಬಿ ಕಿವಿಗೆ ಹಿಡದು
ಅಲ್ಲಾಡಿಸಿ ನೋಡಿದಳು.