ಮುಂದಿನವರ ಹಿಂದಿನ ಗಾಲಿ

ರಿಪೋರ್ಟ್ ಬಂದು ಹನ್ನೊಂದು ದಿನ.
ಔಷಧ ಇನ್ನೂ ಸುರು ಆಗಿಲ್ಲ,
ಮಿರಜಿಗೆ ಹೋಗೂದು ಬರೂ ಮಂಗಳವಾರ.
ಆದರೂ ಇವತ್ತು ಮುಂಜಾನೆ
ಹಲ್ಲು ತಿಕ್ಕೂದ್ರಾಗ
ಬಚ್ಚಲ ಕಟ್ಟಿ ಮ್ಯಾಲ ಕುಂತುಬಿಟ್ಟೆ,
ಬಾಯಾಗ ಬುರುಗು ಹಂಗ ಇತ್ತು.

ದಣಿವು ನನಗ ಹೊಸಾದಲ್ಲ.
ಹದಿನೇಳರ ವಯಸ್ಸಿನ್ಯಾಗ
ಬಿಜಾಪುರದಿಂದ ಜಮಖಂಡಿ ಮುಟ್ಟಿ ಹೊಳ್ಳಿ ಬಂದಾಕಿ.
ಬಬಲೇಶ್ವರ ದಾಟಿದ ಮ್ಯಾಲ
ಎರಿ ಹೊಲದ ಎದುರುಗಾಳಿ,
ತೊಡಿ ಉರಿಯೂದು, ನಾಲಿಗಿ ಅಂಗಳಕ್ಕ ಹತ್ತೂದು.
ಆ ದಣಿವಿಗೆ ಒಂದು ತಳ ಇತ್ತು.
ಚರಗಿ ನೀರು, ಎರಡು ಶೇಂಗಾ ಹೋಳಿಗಿ,
ಒಂದು ರಾತ್ರಿ ನಿದ್ದಿ ಸುರುವಿದ್ರ
ಬೆಳಗಾಗೂದ್ರಾಗ ತುಂಬತಿತ್ತು.

ಇದು ಬ್ಯಾರೆ.
ಹತ್ತು ತಾಸು ಮಲಗಿ ಎದ್ದರ
ಹತ್ತು ತಾಸು ಕಲ್ಲು ಹೊತ್ತಂಗ.
ಸುಸ್ತು ಅನ್ನಾಕ ಬರೂದಿಲ್ಲ,
ಸುಸ್ತು ಅಂದ್ರ ಗುರುಬಾಯಿ ಲಿಂಬಿ ಶರಬತ್ತು ತರತಾಳ.
ಹೈರಾಣ ಅನ್ನಾಕೂ ಬರೂದಿಲ್ಲ,
ಹೈರಾಣ ಆಗೂವಂಥಾದ್ದು ನಾ ಏನು ಮಾಡೀನಿ?
ಆಸರಕಿ ಬ್ಯಾಸರಕಿ ಅಂತಿದ್ಲು ನಮ್ಮವ್ವ.
ಅದು ಮನಿಗೆ ಬಂದವರನ್ನ ಕೇಳೂ ಮಾತು,
ಬಂದು, ಎದ್ದು ಹೋಗಲಾರದವರನ್ನಲ್ಲ.

ಡಾಕ್ಟರ್ ಅಂದ್ರು:
ಇದು ಮೈಗಳ್ಳತನ ಅಲ್ರೀ, ಬ್ಯಾನಿದ ಒಂದು ಪಾಲು.
ದಣಿಯೂಕಿಂತ ಮೊದಲ ಕುಂದರ್ರಿ.
ನಗು ಬಂತು.
ಇಪ್ಪತ್ತು ವರ್ಷ ಹುಡುಗ್ಯಾರಿಗೆ
ಇದರ ಉಲ್ಟಾ ಕಲಿಸೀನಿ.

ಎಲ್ಲಾಕಿಂತ ದಣಿಸೂದು, ಹೇಳೂದು.
ಒಂಬತ್ತು ಮಂದಿಗೆ ಫೋನಿನ್ಯಾಗ ಹೇಳೀನಿ,
ಒಂಬತ್ತೂ ಮಂದಿನ್ನ ನಾನ ಸಮಾಧಾನ ಮಾಡೀನಿ.
ಹತ್ತನೇದಾಕಿ ಇಂಡಿ ಅತ್ತಿಗಿ.
ಅಕಿ ಅತ್ತು ಮುಗಿಸೂತನಕ
ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ದೆ.

ಆವಾಗ ಬಂದು ಫೋನು ಕಸಗೊಂಡ.
ಒಡಪು ಹಚ್ಚದ ಹೆಸರು ಹೇಳತೀನಿ: ಈರಸಂಗಪ್ಪ.
ಮೂವತ್ತು ವರ್ಷ ಪಂಪಸೆಟ್ಟು ರಿಪೇರಿ ಮಾಡಿದ ಮನಷಾ,
ಮೋಟರ್ ಕೂಡ ಮಾತಾಡ್ಯಾನ, ಮಂದಿ ಕೂಡ ಇಲ್ಲ.
ಹೌದ್ರಿ. ಹೌದ್ರಿ. ಮಲಗ್ಯಾಳ್ರೀ. ನಾ ಹೇಳತೀನ್ರೀ.
ಅಂದಿನಿಂದ ಫೋನು ಅವನ ಅಂಗಿ ಕಿಸೇದಾಗ.
ಬಾಗಲಕ್ಕ ಬಂದವರಿಗೂ ಅವನ ಎದುರು,
ಎರಡೂ ಕೈ ಚೌಕಟ್ಟಿಗೆ ಕೊಟ್ಟು.

ಎದುರುಗಾಳಿ ಇದ್ದಾಗ
ಒಬ್ಬಾಕಿನ ಮುಂದ ಇರಬಾರದು.
ಒಬ್ಬಾಕಿ ಗಾಳಿ ಸೀಳತಾಳ, ಉಳಿದವರು
ಅಕಿ ಹಿಂದಿನ ಗಾಲಿ ನೋಡಕೋತ,
ಗೇಣು ಬಿಟ್ಟು, ಉಸರು ಉಳಿಸಿಕೋತ.
ಹಿಂದ ಇರೂದು ಸೋಲಲ್ಲ, ಪಾಳಿ.
ಮೊದಲನೇ ವಾರದ ಪಾಠ ಇದು,
ಹೇಳಿಕೊಟ್ಟೀನಿ, ನಾ ಮಾತ್ರ ಎಂದೂ ಹಿಂದ ಉಳದಾಕಿ ಅಲ್ಲ.
ಒಮ್ಮೆ ತಾಂಡಾದ ಸೋನಾಬಾಯಿ ಕೇಳಿದ್ಲು,
ಮೇಡಂ, ನಿಮ್ಮ ಪಾಳಿ ಯಾವಾಗ?
ಬೈದಿದ್ದೆ.

ಈಗ ಅಡಗಿಮನ್ಯಾಗ ಒಂದು ಸ್ಟೂಲು ಬಂದದ.
ಕುಂತ ಉಳ್ಳಾಗಡ್ಡಿ ಹೆಚ್ಚತೀನಿ.
ರೊಟ್ಟಿ ಬಡಿಯೂದು ಬಿಟ್ಟು ಐದು ದಿನ,
ಗುರುಬಾಯಿ ಮನಿಯಿಂದ ಬರತಾವ, ಎಣಿಸಿ ಎಂಟು,
ನನ್ನವಕ್ಕಿಂತ ದಪ್ಪ.
ಮಧ್ಯಾಹ್ನ ಅವ ಕಸಾ ಹೊಡಿತಾನ, ಮೂಲಿ ಬಿಟ್ಟು.
ಆ ಮೂಲಿ ನೋಡಕೋತ ಮಲಗತೀನಿ.
ಏಳೂದಿಲ್ಲ.
ಏಳದ ಇರೂದಕ್ಕೂ ಕಸುವು ಬೇಕಂತ
ಯಾರೂ ಹೇಳಿರಲಿಲ್ಲ.

ನಿನ್ನಿ ಸಿಟ್ಟು ಬಂದು ತಾಟು ಒಗದೆ.
ಕಾಲ ಬುಡಕ್ಕ ಬಿತ್ತು.
ಇಬ್ಬರೂ ಅದನ್ನ ನೋಡಿದಿವಿ.
ಮೊದಲು ನಕ್ಕಾವ ಅವ.

ಸಂಜೀಕ ಹತ್ತು ಹೆಜ್ಜಿ, ಅದೂ ಡಾಕ್ಟರ್ ಹೇಳಿದ್ದ.
ಬೇವಿನ ಗಿಡದ ತನಕ.
ಅಲ್ಲಿ ಒರಗಿಸಿದ ಸೈಕಲ್ಲು,
ಹಿಂದಿನ ಗಾಲಿ ಮೆತ್ತಗಾಗಿ ನೆಲಕ್ಕ ಹತ್ತಿತ್ತು.
ಪಂಪು ಹಚ್ಚಿದೆ.
ಒಂದು. ಎರಡು. ಮೂರು.
ನಾಕು.
ಕಟ್ಟಿ ಮ್ಯಾಲ ಕುಂತೆ.
ಅವ ಪಂಪಿಗೆ ಕೈ ಚಾಚಿದ.

ಬ್ಯಾಡ, ಅಂದೆ.
ಹೊರಗಿನ ಗಾಳಿ ನೀ ನೋಡ್ಕೊ,
ಇದರಾಗಿಂದು ನಂದು.
ಉಳದದ್ದು ನಾಳಿಗಿ.